ತೋರುಬೆರಳು

ಸಾನ್ ಬ್ರಾಸ್ ಊರಿನ ಶಾಲೆಯಲ್ಲಿ ಮೇ ತಿಂಗಳಿಂದ
ಇಪ್ಪತ್ತೆರಡು ಮಂಚ ಹಾಕಿಕೊಂಡಿದ್ದೆವು.
ಕಪ್ಪು ಹಲಗೆಯ ಮೇಲೆ ಯಾರೋ ಹುಡುಗ ಬರೆದ ಏಳರ ಮಗ್ಗಿ.
ಅಳಿಸಲಿಲ್ಲ. ಅದರ ಕೆಳಗೇ ಜ್ವರದ ಲೆಕ್ಕ ಬರೆಯುತ್ತ ಹೋದೆ.

ಮತದಾನಕ್ಕೆ ನಾಲ್ಕು ದಿನ ಎನ್ನುವಾಗ ರಾಜಧಾನಿಯಿಂದ ಕಾಗದ:
ಶಾಲೆ ಮತಗಟ್ಟೆ. ಖಾಲಿ ಮಾಡಿ.
ಹದಿನಾಲ್ಕು ಜನರ ಹೆಸರಿನ ಮುಂದೆ ‘ಗುಣಮುಖ’ ಎಂದು ಬರೆದು
ಮನೆಗೆ ಕಳಿಸಿದೆವು.
ಬರೆದವಳು ನಾನೇ, ನರ್ಸ್ ಎನೆಲ್ಸಿಡಾ.
ಅಕ್ಷರ ಸೊಟ್ಟಗಾಗಲಿಲ್ಲ.
ಉಳಿದ ಎಂಟು ಮಂದಿ ಹುಂಜದ ಕಾಳಗದ ಕಣದಲ್ಲಿ,
ತಗಡಿನ ಸೂರಿನಡಿ, ಹಳೆಯ ಗರಿಗಳ ನಡುವೆ, ನಾಲ್ಕು ರಾತ್ರಿ.

ಕರ್ಫ್ಯೂ ಆಗಲೇ ಎತ್ತಿದ್ದರು.
ಕಾಯಿಲೆ ಇಳಿದಿದೆ ಎಂದಿತು ರೇಡಿಯೊ;
ಪರೀಕ್ಷೆಯ ಕಡ್ಡಿ ಮುಗಿದಿದೆ ಎನ್ನಲಿಲ್ಲ.
ಬೈಕುಗಳ ಮೆರವಣಿಗೆ, ಲಾರಿಯ ಮೇಲೆ ಆಳೆತ್ತರದ ಸ್ಪೀಕರು,
ಇವರು ಅಕ್ಕಿ, ಹಸಿ ಬಾಳೆ ಹಂಚಿದರು,
ಅವರು ತಮ್ಮ ಬಣ್ಣದ ಮಾಸ್ಕು.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ,
ಎಲ್ಲರೂ ತೂರಿಕೊಳ್ಳುತ್ತಿದ್ದರು,
ಆ ಗಾಳಿಯಲ್ಲಿ ಏನಿದೆಯೆಂದು ಬಲ್ಲವರೂ.

ಆಕ್ಸಿಜನ್ ಬಂತು, ಸುಳ್ಳು ಹೇಳಬಾರದು.
ಚುನಾವಣೆ ಇಲ್ಲದಿದ್ದರೆ ಅದೂ ಬರುತ್ತಿರಲಿಲ್ಲವೇನೋ.
ಹನ್ನೆರಡು ಸಿಲಿಂಡರು, ಒಂದೊಂದರ ಹೊಟ್ಟೆಗೂ ಅಭ್ಯರ್ಥಿಯ ನಗುಮುಖ.
ನಡುರಾತ್ರಿ ಉಸಿರು ಸಿಕ್ಕಿ ಕಣ್ಣು ಬಿಟ್ಟವರಿಗೆ
ಮೊದಲು ಕಾಣುವುದು ಅವನ ಹಲ್ಲು.

ಸೋಮವಾರ ಮಂಚಗಳು ಮರಳಿದವು.
ಹತ್ತು ದಿನಕ್ಕೆ ಗಡಿಯಾರ ರಿಪೇರಿಯ ದೆಮೆತ್ರಿಯೊ ಬಂದ,
ಆ ಹದಿನಾಲ್ಕರಲ್ಲಿ ಒಬ್ಬಳ ಗಂಡ.
ಯಂತ್ರವನ್ನು ಅವನ ತೋರುಬೆರಳಿಗೆ ಸಿಕ್ಕಿಸಿದೆ.
ಅಂಕಿ ಬರಲಿಲ್ಲ, ಎರಡು ಗೀಟು ಮಿನುಗಿದವು ಅಷ್ಟೇ.
ಉಗುರಿನ ತುಂಬ ಮತದ ಮಸಿ, ಕಡುನೇರಳೆ,
ಬೆಳಕನ್ನು ದಾಟಲು ಬಿಡುತ್ತಿಲ್ಲ.
ಎಡಗೈಯ ಕಿರುಬೆರಳಿಗೆ ಹಾಕಿದೆ: ಎಪ್ಪತ್ತೊಂಬತ್ತು.

ಗೆದ್ದವರು ಬೇರೆ. ಹೊಸ ಕಾಗದ:
ಹಳೆಯ ಮುಖಗಳನ್ನು ವಾರದೊಳಗೆ ಕೆರೆಯತಕ್ಕದ್ದು,
ಮುಖ ಸಮೇತ ಬಂದ ಸಿಲಿಂಡರನ್ನು ತುಂಬಿಸಲಾಗುವುದಿಲ್ಲ.
ಕರ್ಫ್ಯೂ ಮತ್ತೆ ಬಂತು. ರೇಡಿಯೊಗೆ ಕಾಯಿಲೆ ನೆನಪಾಯಿತು.
ಪಾಳಿ ಮುಗಿಸಿ, ಅಡುಗೆಯ ಮೊಂಡು ಚಾಕು ಹಿಡಿದು
ನೆಲದ ಮೇಲೆ ಕೂತೆ.
ಗದ್ದ ಸಲೀಸಾಗಿ ಬಂತು.
ಕಣ್ಣಿಗೇ ಅಂಟು ಜಾಸ್ತಿ.

ದೆಮೆತ್ರಿಯೊ ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಮೂತಿಯೊಳಗಿಂದ ಕೇಳುತ್ತಾನೆ:
ಯಾರು ಗೆದ್ದರು?
ಹೇಳುತ್ತೇನೆ. ಮರೆಯುತ್ತಾನೆ.
ಮಾರನೆಯ ದಿನ ಮತ್ತೆ ಹುಬ್ಬೇರಿಸುತ್ತಾನೆ, ಹೊಸ ಸುದ್ದಿಯೆಂಬಂತೆ.
ಹೆಂಡತಿಯ ಬಗ್ಗೆ ಇನ್ನೂ ಕೇಳಿಲ್ಲ.
ನಾನೂ ಹೇಳಿಲ್ಲ.

ಇದು ಮೂರನೆಯ ವಾರ.
ಉಗುರಿನ ಬುಡದಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ,
ಮಸಿ ಅಷ್ಟೇ ಅಷ್ಟು ಮುಂದೆ ಸರಿದಿದೆ.
ಯಂತ್ರ ಆ ಬೆರಳನ್ನು ಈಗಲೂ ಓದುವುದಿಲ್ಲ.
ಆದರೂ ನೋಡೋಣವೆಂದು
ದಿನಕ್ಕೊಮ್ಮೆ ಸಿಕ್ಕಿಸುತ್ತೇನೆ.