ಮೂರನೆಯ ಹಾಡಿನ ಕೆಮ್ಮು

ಓಲ್ಬೋರ್ ಬಂದರಿನ ಹಿಂದಿನ ಬೀದಿ. ಅಂಗಡಿಯ ಹುಡುಗಿ, ಸೋಲ್ವೈ,
ನನ್ನ ಕಿವಿಯ ವಯಸ್ಸು ಕೇಳಲಿಲ್ಲ, ಜೇಬಿನ ಆಳ ಕೇಳಿದಳು.
ಎರಡು ಸಾವಿರ ಕ್ರೋನರ್, ಜೋಡಿಗೆ, ಅಂದೆ.
ನಗಲಿಲ್ಲ, ಪುಣ್ಯಾತ್ಗಿತ್ತಿ.
ಪುಸ್ತಕದ ಕಪಾಟಿನಲ್ಲಿ ಕೂರುವಂಥ ಮೂರು ಜೊತೆ ಸ್ಪೀಕರು
ನನ್ನ ಕಿವಿಯ ಎತ್ತರಕ್ಕೆ ಏರಿಸಿಟ್ಟಳು.

ಪರೀಕ್ಷೆಗೆ ಎಲ್ಲರೂ ತರುವುದು ಪಿಟೀಲು, ಜಾಝ್, ಗುಡುಗುವ ಡ್ರಮ್ಮು.
ನಾನು ತಂದದ್ದು ಒಂದು ಕೆಮ್ಮು.

ಎಂಬತ್ತೇಳರ ಚಳಿಗಾಲ. ಸಿಮೆಂಟ್ ಕಾರ್ಖಾನೆಯ ಗಂಡಸರ ಮೇಳ,
ನಲವತ್ತು ಕೊರಳು, ಎಂಬತ್ತು ಶ್ವಾಸಕೋಶ, ಎಲ್ಲದರಲ್ಲೂ ಬೂದು ಧೂಳು.
ಮೂರನೆಯ ಹಾಡು ಮುಗಿದು ಕೊನೆಯ ಸ್ವರ
ಚರ್ಚಿನ ಕಮಾನಿಗೆ ಏರಿ ಇನ್ನೂ ಇಳಿದಿರಲಿಲ್ಲ,
ಆಗ ಯಾರೋ ಕೆಮ್ಮಿದರು.
ಮತ್ತೆ ಹಾಡಲು ಹಣವಿರಲಿಲ್ಲ. ಕೆಮ್ಮೂ ಅಚ್ಚಾಯಿತು.

ಅದನ್ನು ಆಸ್ಗರನ ತಲೆಗೆ ಕಟ್ಟಿದರು.
ಪೈಪು ಸೇದುವವನು, ಇನ್ನೇನು ಸಾಕ್ಷಿ ಬೇಕು?
ಮೂವತ್ತೇಳು ಕ್ರಿಸ್ಮಸ್ಸು ಅದೇ ತಮಾಷೆ.
ಅವನೂ ನಕ್ಕ. ನಾನೂ ನಕ್ಕೆ, ತುಸು ಜೋರಾಗಿಯೇ.
ಅವನು ನಿಂತದ್ದು ಬಲಕ್ಕೆ, ಕಂಬದ ಬಳಿ.
ಎಡತುದಿಯಲ್ಲಿ ನಾನು.
ಮನೆಯ ಹಳೇ ಪ್ಲೇಯರಿಗೆ ಒಂದೇ ಬಾಯಿ;
ಎಡ ಯಾವುದು ಬಲ ಯಾವುದು, ಅದಕ್ಕೆ ಗೊತ್ತಿರಲಿಲ್ಲ.

ಮೊದಲ ಜೋಡಿ: ಮಂದ್ರ ಉಬ್ಬಿ, ನಲವತ್ತು ಜನವೂ
ಒಂದೇ ಪೀಪಾಯಿಯಲ್ಲಿ ನಿಂತ ಹಾಗೆ. ಕೆಮ್ಮು ಬರೀ ಬೆಂಚಿನ ಕಿರುಗುಟ್ಟು.
ಎರಡನೆಯದು: ಸಕಾರಗಳೆಲ್ಲ ಕಾದ ಬಾಣಲೆಗೆ ಬಿದ್ದ ನೀರು.
ಕೆಮ್ಮು ನಟ್ಟನಡುವೆ ತೂಗಿತು,
ಯಾರದೂ ಅಲ್ಲ, ಪಾದ್ರಿಯದೂ ಇರಬಹುದು.
ಸಾವಿರದ ಏಳುನೂರು. ಸಂಸಾರಕ್ಕೂ ಮಾನಕ್ಕೂ ಹೊಂದುವ ಬೆಲೆ.

ಮೂರನೆಯದು ಯಾರೋ ವಾಪಸು ತಂದದ್ದು, ಮೂಲೆ ಜಜ್ಜಿತ್ತು.
ಮಂದ್ರ ಅಷ್ಟಕ್ಕಷ್ಟೆ. ಆದರೆ ಅಂಗಡಿಯ ಗೋಡೆ ಇಲ್ಲವಾಯಿತು.
ಹಿಂದಿನ ಸಾಲು ಹಿಂದೆ, ಮುಂದಿನದು ಮುಂದೆ,
ಕಂಬದ ಬಳಿ ಆಸ್ಗರ್ ಉಸಿರು ಬಿಗಿಹಿಡಿದು ನಿಂತಿದ್ದಾನೆ,
ಅಷ್ಟು ನಿಶ್ಶಬ್ದ ಅಲ್ಲಿ.
ಎಡದ ತುದಿಯಲ್ಲಿ, ಒಣಗಂಟಲಿನ,
ಇಪ್ಪತ್ತೊಂಬತ್ತರ ನಾನು.

"ಇದು ಕೊಂಚ ನಿಷ್ಠುರ," ಅಂದಳು ಸೋಲ್ವೈ,
"ರೆಕಾರ್ಡಿನ ತಪ್ಪು ಮುಚ್ಚೋದಿಲ್ಲ."
ಅಳೆದೆ, ಸುರಿದೆ, ಕಾರ್ಡು ತೆಗೆದೆ.
ತಂತಿ ಪುಕ್ಕಟೆ ಕೊಟ್ಟಳು.

ಭಾನುವಾರ ಆಸ್ಗರ್ ಊಟಕ್ಕೆ ಬರುತ್ತಾನೆ.
ಕಪಾಟಿನಿಂದ ವಿಶ್ವಕೋಶದ ನಾಲ್ಕು ಸಂಪುಟ ಇಳಿಸಿದ್ದಾಯಿತು.
ಎಡದ ಪೆಟ್ಟಿಗೆಯನ್ನು ಗೋಡೆಯಿಂದ ಗೇಣುದ್ದ ಈಚೆಗೆ ಎಳೆದೆ,
ಕೂತು ಕೇಳಿದೆ,
ಎದ್ದು ಇನ್ನೆರಡು ಬೆರಳು ಎಳೆದೆ.
ಅವನ ಕುರ್ಚಿ ಸರಿಯಾಗಿ ಎರಡರ ನಡುವೆ ಇದೆ.