ಇತರೆ

ಕಪನೂರಿನ ದಾಲ್ ಮಿಲ್ಲಿನ ತೂಕದ ಕೋಣೆಯಲ್ಲಿ
ನಾನು ಕೂಡಿಸಿಕೊಟ್ಟ ಲೆಕ್ಕದ ಸಾಫ್ಟ್‌ವೇರಿಗೆ
ಹನ್ನೊಂದು ಖಾನೆ ಇದ್ದವು.
ಹನ್ನೊಂದನೆಯದರ ಹೆಸರು ‘ಇತರೆ’.

ಮೂರು ತಿಂಗಳಾದ ಮೇಲೆ ತೆಗೆದು ನೋಡಿದರೆ
ಹತ್ತು ಖಾನೆ ತೆಳ್ಳಗೆ, ಪ್ರಾರ್ಥನೆಗೆ ನಿಂತ ಮಕ್ಕಳ ಸಾಲು;
‘ಇತರೆ’ ಮಾತ್ರ ಬಾಯಿ ಕಟ್ಟಲಾಗದ ಚೀಲ.

ಮಳಿ ನೋಡಿದ ಮಾಲು.
ಬಾರದಾನ ಹಳೇದು, ಹೊಲಿಗಿ ಬಿಟ್ಟಾದ.
ಅಫಜಲಪುರದ ಗಾಡಿ, ಡ್ರೈವರ್ ಬದಲು.
ಕಡತಾ ಅರ್ಧ ಕಿಲೋ, ಸಾವುಕಾರ್ರು ಬಾಯಲ್ಲಿ ಹೇಳ್ಯಾರ.
ಕರೆಂಟ್ ಹೋಯ್ತು, ತೂಕ ಎರಡು ಸಲ.

ಬರೆದವಳು ಜಗದೇವಿ.
ಪಿಯುಸಿ ಅರ್ಧಕ್ಕೆ, ಕಾಟಾದ ಮುಂದೆ ಒಂಬತ್ತು ವರ್ಷ.
ಚೀಲದೊಳಗೆ ಕೈ ಇಳಿಸಿ ತೇವ ಹೇಳುತ್ತಾಳೆ,
ಮೀಟರು ಆಮೇಲೆ ಒಪ್ಪಿಕೊಳ್ಳುತ್ತದೆ.

ಮೊದಲೆಲ್ಲ ಫೋನು ಬರುತ್ತಿತ್ತು:
“ಮೇಡಂ, ಒಂದು ಖಾನಿ ಬೇಕಾಗ್ಯಾದ.”
ರಿಂಗ್ ರೋಡಿನ ಧೂಳು ಕುಡಿಯುತ್ತ ಸ್ಕೂಟಿಯಲ್ಲಿ ಬರುತ್ತಿದ್ದೆ.
ಖಾನೆಗೊಂದು ಚೀಟಿ, ಚೀಟಿಗೆ ಐನೂರು,
ಸಾವುಕಾರರ ಸಹಿಗೆ ಎಂಟು ದಿನ.
ಅಷ್ಟರಲ್ಲಿ ಸುಗ್ಗಿಯೇ ಮುಗಿದು
ಆ ಖಾನೆಗೆ ಹಾಕಲು ಏನೂ ಉಳಿಯುತ್ತಿರಲಿಲ್ಲ.

ಹೊಸ ತೊಗರಿ ಬರುವ ಮುಂಚೆ ಒಂದು ಬೆಳಗು
ಕುರ್ಚಿ ಬಿಟ್ಟುಕೊಟ್ಟೆ. “ನೀವೇ ಮಾಡ್ರಿ.”
“ನಂಗ ಕೋಡಿಂಗ್ ಬರಲ್ರಿ.”
“ಹೊಲಿಗಿ ಬರ್ತದಲ್ಲ? ಜಂಪರ್ ಬಿಗಿ ಆದ್ರ ಯಾರನ್ನ ಕರೀತೀರಿ?”
ನಕ್ಕಳು. “ಒಳಗ ಬಟ್ಟಿ ಬಿಟ್ಟಿದ್ರ ನಾನೇ ಬಿಚ್ಚತೀನಿ.
ಬಿಟ್ಟಿಲ್ಲಂದ್ರ?”

ಆ ಪ್ರಶ್ನೆಯನ್ನು ಮನೆಗೆ ಒಯ್ದೆ.
ಎರಡು ವಾರ ಕೂತು ಬರೆದದ್ದನ್ನೇ ಬಿಚ್ಚಿ
ಒಳಗೆ ಬೆರಳಗಲ ಬಟ್ಟೆ ಬಿಟ್ಟೆ:
ಖಾನೆ ಸೇರಿಸು. ಹೆಸರಿಡು.
ಹೀಗಾದರೆ ಹಾಗೆ ಮಾಡು.
ಹಿಂದಕ್ಕೆ ಹೋಗು.

ಮೊದಲ ದಿನವೇ ಅವಳು ‘ಒಟ್ಟು ತೂಕ’ ಅಳಿಸಿಬಿಟ್ಟಳು.
ಗೇಟಿನಲ್ಲಿ ಏಳು ಲಾರಿ. ಹಾರ್ನು.
ಮುನೀಮ ಅಂಬಾರಾಯರು ಕನ್ನಡಕ ಹಣೆಗೇರಿಸಿ
“ನಾ ಮೊದಲೇ ಹೇಳಿದ್ದೆ” ಎಂದು
ಕೆಂಪು ರಟ್ಟಿನ ಖಾತೆ ಬಿಚ್ಚಿದರು.
ನಾನು ಮೌಸಿನ ಕಡೆ ಕೈ ಚಾಚಿ, ಹಿಂದೆ ತೆಗೆದೆ.
ಹನ್ನೆರಡು ವರ್ಷದ ಕೆಲಸದಲ್ಲಿ
ಆ ಅರ್ಧ ನಿಮಿಷದಷ್ಟು ಉದ್ದದ್ದು ಬೇರೆ ನೆನಪಿಲ್ಲ.
ತುಟಿ ಕಚ್ಚಿ ಹುಡುಕಿದಳು. ಒತ್ತಿದಳು.
ತೂಕ ಬಂತು. ಲಾರಿ ಒಳಗೆ ಬಂತು.

ಸಂಕ್ರಾಂತಿ ಕಳೆದು ಹೋದರೆ ‘ಇತರೆ’ ಬರಿದು.
‘ಮಳಿ ನೋಡಿದ್ದು’ ಅಂತ ಒಂದು ಖಾನೆ, ಹೌದು ಅಥವಾ ಇಲ್ಲ;
ಹೌದಾದರೆ ಚೀಟಿ ಹಳದಿ, ಆ ಮಾಲು ಮೊದಲು ಬಿಸಿಲಿಗೆ.
‘ಬಾಯಿಮಾತು’ ಅಂತ ಒಂದು:
ಸಾವುಕಾರರು ಫೋನಿನಲ್ಲಿ ಹೇಳಿದ್ದೆಲ್ಲ ತಾರೀಖು, ಗಂಟೆ ಸಮೇತ.
ಈಚೆಗೆ ಅವರು ಫೋನಿನಲ್ಲಿ ಕಡಿಮೆ ಹೇಳುತ್ತಾರಂತೆ.

ನಾನು ‘ಲೇಬರ್: 14’ ಎಂದಿಟ್ಟಿದ್ದ ಜಾಗದಲ್ಲಿ
ನಾಗೂಬಾಯಿ, ಮಲ್ಲಮ್ಮ, ಹಲಿಮಾಬೀ,
ದೊಡ್ಡ ಕಾಶೀಬಾಯಿ, ಸಣ್ಣ ಕಾಶೀಬಾಯಿ...
ಹಸನು ಮಾಡಿದ ಚೀಲ ಅವರವರ ಹೆಸರಿನ ಮುಂದೆ.
“ಹದಿನಾಲ್ಕು ಅಂದ್ರ ಪಗಾರ ಯಾರ ಕೈಯಾಗ ಕೊಡ್ಲಿ ಮೇಡಂ?”
ಅಂಬಾರಾಯರೂ ಒಂದು ಖಾನೆ ಮಾಡಿಸಿಕೊಂಡಿದ್ದರು,
ಯಾರಿಗೂ ಹೇಳಬೇಡ ಎಂದು.

ಎಲ್ಲ ಚಂದ ಅಂತಲ್ಲ. ಒಂದೇ ಲೆಕ್ಕ ಮೂರು ಕಡೆ,
ಒಂದೇ ಊರಿಗೆ ಎರಡು ಕಾಗುಣಿತ.
ನನ್ನ ಕಾಲೇಜಿನ ಮೇಷ್ಟರು ನೋಡಿದ್ದರೆ
ಕೆಂಪು ಶಾಯಿ ಸಾಲುತ್ತಿರಲಿಲ್ಲ.
ತಿದ್ದಲು ಕೂತೆ, ಅಭ್ಯಾಸ.

ಕೊನೆಯಲ್ಲೊಂದು ಖಾನೆ, ಹೆಸರು ಬರೀ ‘ಗ’.
ಕೆಲವು ದಿನ ಗುರುತು, ಕೆಲವು ದಿನ ಇಲ್ಲ.
“ಇದೇನು?”
ಜಗದೇವಿ ಚಾದ ಲೋಟ ನನ್ನ ಕಡೆ ಸರಿಸಿದಳು.
“ಅದು ಇರ್ಲಿ ಬಿಡ್ರಿ. ನಮ್ದದು.”

ಹೊರಗೆ ಎಣ್ಣೆ ಹಚ್ಚಿದ ತೊಗರಿ ಅಂಗಳದ ತುಂಬ ಒಣಗುತ್ತಿತ್ತು.
ಅದರ ನಡುವೆ ಸಣ್ಣ ಕಾಶೀಬಾಯಿ
ಬರಿಗಾಲಲ್ಲಿ ಸಾಲು ಎಳೆಯುತ್ತ ನಡೆದಿದ್ದಳು.
ನಾನು ಮೌಸು ಬಿಟ್ಟೆ.