ಹನ್ನೆರಡೂವರೆಯಿಂದ ಮೂರೂವರೆ

ಜುಲೈ. ಸುವೈಕಿನ ಆಚೆ, ಸಮುದ್ರಕ್ಕೆ ಬೆನ್ನು ಹಾಕಿದ ಹೊಲ.
ಕುದುರೆಮೆಂತೆ ಮೊಣಕಾಲೆತ್ತರ, ಅಲ್ಲಲ್ಲಿ ನೇರಳೆ ಹೂ.
ಈ ಮೂರು ತಾಸು ಬಿಸಿಲಲ್ಲಿ ದುಡಿಸಿದರೆ ದಂಡ,
ಹಾಗೆಂದು ಸರ್ಕಾರದ ಕಾಗದ ಪಂಪಿನ ಮನೆಯ ಬಾಗಿಲಿಗೆ ಅಂಟಿತ್ತು,
ಮೂಲೆಯನ್ನು ಗೆದ್ದಲೋ ಗಾಳಿಯೋ ತಿಂದಿತ್ತು.

ಶೊಹಿದುಲ್ ಒದ್ದೆ ಟವೆಲ್ಲು ಮುಖಕ್ಕೆ ಹಾಕಿ ಮಲಗಿದ್ದ.
ಪೀರ್ ಬಕ್ಷ್ ಫೋನಿನಲ್ಲಿ ಯಾರನ್ನೋ ಬಯ್ಯುತ್ತಿದ್ದ,
ಬಲೂಚಿ ನನಗೆ ಬಾರದು, ಮುದ್ದಿಸುತ್ತಲೂ ಇದ್ದಿರಬಹುದು.
ನನಗೆ ಹಗಲು ನಿದ್ದೆ ಹತ್ತುವುದಿಲ್ಲ.
ಗಾಫ್ ಮರದ ನೆರಳು ಸರಿದಂತೆ ಸರಿಯುತ್ತ ಕೂತಿದ್ದೆ,
ಡೀಸೆಲ್ ಲೆಕ್ಕದ ಪುಸ್ತಕ ತೊಡೆಯ ಮೇಲೆ,
ಹಿಂದಿನ ಹಾಳೆಗಳಲ್ಲಿ ಬೇರೆ ಲೆಕ್ಕ:

ನೀಲಿ ಚಿಟ್ಟೆ, ಉಗುರಿನಷ್ಟು. ಎಣಿಸಲಾಗಲಿಲ್ಲ.
ಕೋಲುಜೇನು. ಕೊಳವೆ ಸೋರುವಲ್ಲಿ ಸಾಲಾಗಿ ನಿಂತು
ನೀರು ಕುಡಿಯುತ್ತವೆ, ನಮ್ಮ ಹಾಗೆಯೇ,
ತಳ್ಳಾಟವೊಂದಿಲ್ಲ.
ಕಣಜ, ಒಂದು. ಮರಳು ತೋಡಿ ಕಾಲಿನಿಂದ ಹಿಂದಕ್ಕೆರಚಿ
ಒಳಗೆ ಹೋಗಿ, ಹೊರಬಂದು, ಮತ್ತೆ ತೋಡಿ.
ಅದಕ್ಕೆ ಯಾರೂ ಕಾಗದ ಓದಿ ಹೇಳಿಲ್ಲ.

ಹಕ್ಕಿಗಳಿಗೆ ಮಾತ್ರ ನಿಯಮ ಗೊತ್ತಿದ್ದಂತಿತ್ತು.
ಬೇಲಿತಂತಿಯ ಮೇಲೆ ಕಳ್ಳಿಪೀರ ಒಂಬತ್ತು,
ಕೊಕ್ಕು ತೆರೆದಿದ್ದವು, ಹಾಡಲಿಕ್ಕಲ್ಲ, ಏದುಸಿರಿಗೆ.
ಟ್ರ್ಯಾಕ್ಟರಿನ ದೊಡ್ಡ ಗಾಲಿಯ ನೆರಳಲ್ಲಿ
ಬೆಳ್ಳಕ್ಕಿಗಳು, ಒಂಟಿ ಕಾಲಲ್ಲಿ.
ಪಂಪಿನ ಮನೆಯ ಮೇಲೆ ನೀಲಕಂಠ.
ನಮ್ಮ ಬೀದರದ ಕಡೆ ದಸರೆಯ ದಿನ
ಇದನ್ನು ಹುಡುಕಿಕೊಂಡು ಊರ ಹೊರಗೆ ಹೋಗುತ್ತಿದ್ದೆವು.
ಇಲ್ಲಿ ದಿನವೂ ಕಾಣುತ್ತದೆ.
ದಿನವೂ ಕಂಡರೆ ಶುಭ ಎಷ್ಟು ಉಳಿಯುತ್ತದೋ.

ಇನ್ನೊಂದಿತ್ತು, ಕಂದು, ಕತ್ತಿನ ಬಳಿ ಕಪ್ಪು ಗೆರೆ.
ಫೋನಿಟ್ಟ ಪೀರ್ ಬಕ್ಷ್ ಅದಕ್ಕೊಂದು ಹೆಸರು ಹೇಳಿದ,
ಟವೆಲ್ಲಿನೊಳಗಿಂದ ಶೊಹಿದುಲ್ ನಕ್ಕ,
ಅವನ ಭಾಷೆಯಲ್ಲಿ ಅದು ಬೈಗುಳವಂತೆ.
ಹೆಸರಿಲ್ಲದೆ ಬರೆದುಕೊಂಡೆ.

ಎರಡೂಕಾಲಿನಿಂದ ಒಂದು ಮಿಡತೆಯನ್ನೇ ನೋಡುತ್ತಿದ್ದೆ.
ಹಿಂಗಾಲು ಒಂದೇ.
ಎಲೆಯ ಅಂಚನ್ನು ದರ್ಜಿಯ ಹಾಗೆ ಕತ್ತರಿಸುವುದು,
ನಿಲ್ಲುವುದು, ಮೀಸೆ ಒರೆಸುವುದು.
ನೆಗೆದರೆ ವಾರೆ,
ಗುರಿಯಿಟ್ಟ ಎಲೆಯ ಬದಲು ನನ್ನ ಚಪ್ಪಲಿ.
ನಾನು ಅಲ್ಲಾಡಲಿಲ್ಲ. ಅದು ಲೆಕ್ಕ ತಿದ್ದಿಕೊಂಡು
ಮತ್ತೆ ನೆಗೆಯಿತು, ಸಾಲಿನೊಳಗೆ ಹೋಯಿತು.

ಮೂರೂವರೆ.
ಕೀಲಿ ತಿರುಗಿಸಿದೆ. ಇಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು.
ತಂತಿಯ ಮೇಲಿನ ಒಂಬತ್ತೂ ಒಟ್ಟಿಗೆ ಎದ್ದವು.
ಬೆಳ್ಳಕ್ಕಿಗಳು ಇನ್ನೊಂದು ಕಾಲನ್ನೂ ಊರಿದವು.
ಎಲ್ಲಿ ಅಡಗಿದ್ದವೋ ಗೊರವಂಕ, ಹಿಂಡು ಹಿಂಡು.
ಬ್ಲೇಡಿನ ಹಿಂದೆ ಹೊಲ ಕುದಿಯಿತು:
ಕೊಯ್ದ ಸೊಪ್ಪಿನ ಹಸಿ ವಾಸನೆಯೊಳಗಿಂದ
ಚಿಟ್ಟೆ, ಜಿಗಿಹುಳು, ಮಿಡತೆ ಎಲ್ಲ ಮೇಲೆದ್ದವು,
ಕೊಕ್ಕುಗಳು ಕೆಳಗಿಳಿದವು.
ಮೂರು ತಾಸು ಅವನ್ನು ನೋಡುತ್ತಿರುವವನು ನಾನೆಂದುಕೊಂಡಿದ್ದೆ.
ಅವು ನಾನು ಏಳುವುದನ್ನು ಕಾಯುತ್ತಿದ್ದವು.

ಆರನೆಯ ಸಾಲಿನಲ್ಲಿ ಗೇರು ಇಳಿಸಿದೆ. ಅಲ್ಲೇ ಎಲ್ಲೋ ಅದು.
ನಿಲ್ಲಿಸಲಿಲ್ಲ.
ಕನ್ನಡಿಯಲ್ಲಿ ಬಿಳಿ ರೆಕ್ಕೆ, ಹಸಿರು ಧೂಳು.

ರಾತ್ರಿ ಡೀಸೆಲ್ ನಲವತ್ತು ಲೀಟರ್ ಎಂದು ಬರೆದೆ.
ಹಿಂದಿನ ಹಾಳೆಗೆ ತಿರುಗಿಸಿ
ಮಿಡತೆ ಎಂದು ಬರೆದೆ, ಮುಂದೆ ಏನು ಹಾಕಲಿ,
ಅಷ್ಟರಲ್ಲಿ ಶೊಹಿದುಲ್ ಅನ್ನಕ್ಕೆ ಕರೆದ.